ಸರ್ಟಿಫಿಕೇಟ್ ಇದೆ ಸರಿ, ಹಳೆಯ ಬಿಲ್ ಇದೆಯೇ?

ಟ್ರೇಡ್‌ಮಾರ್ಕ್ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು, ಮೇಜಿನ ಮೇಲಿಟ್ಟು, ‘ಅವರ ಬೋರ್ಡ್ ಇಳಿಸಿಬಿಡಿ ಸಾರ್’ ಎನ್ನುವ ಕಕ್ಷಿದಾರರಿಗೆ ನಾನು ಮೊದಲು ಕೇಳುವುದು ಇಷ್ಟೇ: ಅವರು ಆ ಹೆಸರಿನಲ್ಲಿ ಯಾವಾಗಿನಿಂದ ವ್ಯಾಪಾರ ಮಾಡುತ್ತಿದ್ದಾರೆ? ಬಹುತೇಕರಿಗೆ ಈ ಪ್ರಶ್ನೆ ರುಚಿಸುವುದಿಲ್ಲ. ‘ರಿಜಿಸ್ಟರ್ ಮಾಡಿಸಿರೋದು ನಾನು, ಅವರು ಯಾವಾಗ ಶುರು ಮಾಡಿದ್ರೆ ನನಗೇನು?’ ಎಂದು ಮುಖ ಗಂಟಿಕ್ಕುತ್ತಾರೆ. ಇನ್ನೊಂದು ಬಗೆಯವರು ಕೈಯಲ್ಲಿ ಲಾಯರ್ ನೋಟಿಸ್ ಹಿಡಿದು ಬರುತ್ತಾರೆ. ಇಪ್ಪತ್ತು, ಇಪ್ಪತ್ತೈದು ವರ್ಷದಿಂದ ಅದೇ ಹೆಸರಲ್ಲಿ ಬದುಕಿದವರು. ‘ಅವರು ರಿಜಿಸ್ಟರ್ ಮಾಡಿಸಿಬಿಟ್ಟಿದ್ದಾರಂತೆ, ಇನ್ನು ನಮ್ಮದು ಮುಗೀತು’ ಎಂದು ಕುರ್ಚಿಯಲ್ಲಿ ಕುಸಿದು ಕೂರುತ್ತಾರೆ. ಒಬ್ಬರಿಗೆ ಸಲ್ಲದ ಧೈರ್ಯ, ಇನ್ನೊಬ್ಬರಿಗೆ ಸಲ್ಲದ ಭಯ. ಎರಡಕ್ಕೂ ಬೇರು ಒಂದೇ: ನೋಂದಣಿಯೇ ಒಡೆತನ ಎಂಬ ನಂಬಿಕೆ.

ಜಿಎಸ್‌ಟಿ ನಂಬರ್, ಉದ್ಯಮ್ ನೋಂದಣಿ, ಟ್ರೇಡ್ ಲೈಸೆನ್ಸ್, ಕಂಪನಿ ರಿಜಿಸ್ಟ್ರಾರರು ಒಪ್ಪಿದ ಹೆಸರು, ವೆಬ್‌ಸೈಟಿನ ವಿಳಾಸ, ಇವ್ಯಾವುವೂ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ. ಅದನ್ನು ಇಲ್ಲಿ ಮತ್ತೆ ವಿವರಿಸಲು ಹೋಗುವುದಿಲ್ಲ. ನಾನು ಹೇಳಹೊರಟಿರುವುದು ನಿಜವಾದ ಟ್ರೇಡ್‌ಮಾರ್ಕ್ ನೋಂದಣಿಯ ಬಗ್ಗೆಯೇ.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಒಂದೇ ಒಂದು ಉದ್ದನೆಯ ವಾಕ್ಯ. ಅದರ ತಿರುಳು ಹೀಗಿದೆ: ನಿಮಗೆ ನೋಂದಣಿ ಇದ್ದರೂ, ನಿಮಗಿಂತ ಮುಂಚಿನಿಂದ ಅದೇ ಹೆಸರನ್ನೋ ಅದನ್ನು ಹೋಲುವ ಹೆಸರನ್ನೋ ಎಡೆಬಿಡದೆ ಬಳಸಿಕೊಂಡು ಬಂದವರನ್ನು ನೀವು ತಡೆಯುವಂತಿಲ್ಲ. ‘ನಿಮಗಿಂತ ಮುಂಚೆ’ ಎಂದರೆ ಯಾವುದಕ್ಕಿಂತ ಮುಂಚೆ? ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೋಂದಣಿದಾರರ ಕಡೆ ಎರಡು ದಿನಾಂಕಗಳಿರುತ್ತವೆ. ಒಂದು, ಅವರು ಆ ಹೆಸರನ್ನು ಬಳಸಲು ಶುರು ಮಾಡಿದ ದಿನ. ಇನ್ನೊಂದು, ನೋಂದಣಿಯ ದಿನ. ಸರ್ಟಿಫಿಕೇಟ್ ಅಂಚೆಯಲ್ಲಿ ಬಂದ ದಿನವಲ್ಲ ಅದು. ಕಾಯ್ದೆಯ ಪ್ರಕಾರ ಅರ್ಜಿ ಹಾಕಿದ ದಿನವೇ ನೋಂದಣಿಯ ದಿನ. ಈ ಎರಡರಲ್ಲಿ ಯಾವುದು ಮೊದಲೋ, ಅದಕ್ಕಿಂತಲೂ ಹಿಂದೆ ಎದುರಿನವರ ಬಳಕೆ ಶುರುವಾಗಿರಬೇಕು.

ಅಂಕಿಗಳಲ್ಲಿ ನೋಡೋಣ. ‘ಅ’ ಎಂಬವರು 2006ರಲ್ಲಿ ವ್ಯಾಪಾರ ಆರಂಭಿಸಿ 2019ರಲ್ಲಿ ಅರ್ಜಿ ಹಾಕಿ ನೋಂದಣಿ ಪಡೆದಿದ್ದಾರೆ. ‘ಬ’ ಎಂಬವರು 2002ರಿಂದ ಅದೇ ಹೆಸರಿನಲ್ಲಿದ್ದಾರೆ. ಬ ಅವರಿಗೆ ರಕ್ಷಣೆ ಉಂಟು, ಸರ್ಟಿಫಿಕೇಟ್ ತೋರಿಸಿ ಅವರನ್ನು ಎಬ್ಬಿಸಲಾಗದು. ಅದೇ ಬ 2012ರಲ್ಲಿ ಶುರು ಮಾಡಿದ್ದರೆ? ‘ನೋಂದಣಿಗಿಂತ ಏಳು ವರ್ಷ ಮುಂಚೆಯೇ ಇದ್ದೆನಲ್ಲ’ ಎಂದು ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ, ಏಕೆಂದರೆ ಅ 2006ರಿಂದಲೇ ಬಳಸುತ್ತಿದ್ದರು. ಇನ್ನು ಅ 2019ರಲ್ಲಿ ಅರ್ಜಿ ಹಾಕಿ 2020ರಲ್ಲಿ ಅಂಗಡಿ ತೆರೆದಿದ್ದು, ಬ 2018ರಲ್ಲೇ ವ್ಯಾಪಾರಕ್ಕಿಳಿದಿದ್ದರೆ ಬ ಸುರಕ್ಷಿತ. ಈ ಮೂರು ಚಿತ್ರ ಮನಸ್ಸಿಗೆ ಹತ್ತಿದರೆ ಅರ್ಧ ಕಾಯ್ದೆ ತಿಳಿದಂತೆ. ಆದರೂ ಮುಂದಿನ ಭೇಟಿಯಲ್ಲಿ ಅದೇ ಕಕ್ಷಿದಾರರು ‘ಆದರೂ ಸಾರ್, ರಿಜಿಸ್ಟರ್ ಆಗಿರೋದು ನನ್ನದು’ ಎಂದೇ ಮಾತು ತೆಗೆಯುತ್ತಾರೆ.

34ನೇ ಸೆಕ್ಷನ್ ಗುರಾಣಿ ಮಾತ್ರ. ಮೊದಲು ಬಳಸಿದವರು ತಾವೇ ಎದ್ದು ದಾವೆ ಹೂಡಬೇಕೆಂದರೆ ‘ಪಾಸಿಂಗ್ ಆಫ್’ ಎಂಬ ಹಳೆಯ ದಾರಿಯಿದೆ, ಅಂದರೆ ತನ್ನ ಸರಕನ್ನು ಇನ್ನೊಬ್ಬರದ್ದೆಂದು ತೋರಿಸಿ ಮಾರುವುದನ್ನು ತಡೆಯುವ ಹಕ್ಕು. ಇದಕ್ಕೆ ನೋಂದಣಿಯೇ ಬೇಡ, ಕಾಯ್ದೆಯ 27ನೇ ಸೆಕ್ಷನ್ ಆ ಹಕ್ಕನ್ನು ಹಾಗೇ ಉಳಿಸಿದೆ. ಅಹಮದಾಬಾದಿನ ‘ಮುಕ್ತಜೀವನ್’ ಎಂಬ ಕಲರ್ ಲ್ಯಾಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟದ್ದು ಈ ದಾರಿಯಲ್ಲೇ. ಆದರೆ ಇಲ್ಲಿ ‘ನಾನು ಮೊದಲು’ ಎಂದರೆ ಸಾಲದು. ಗಿರಾಕಿಗಳ ನಡುವೆ ಹೆಸರು ಗಳಿಸಿದ್ದೆ, ಎದುರಿನವರ ಬೋರ್ಡಿನಿಂದ ಜನ ಮೋಸಹೋಗುವಂತಿದೆ, ಅದರಿಂದ ನನಗೆ ನಷ್ಟವಾಗಿದೆ ಅಥವಾ ಆಗಲಿದೆ, ಈ ಮೂರನ್ನೂ ತೋರಿಸಬೇಕು.

ಇಬ್ಬರ ಬಳಿಯೂ ನೋಂದಣಿ ಇದ್ದರೆ? ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣ ಓದಬೇಕು. ತಲೆಮಾರುಗಳಿಂದ ಆ ಹೆಸರಿನಲ್ಲಿ ನಡೆದುಬಂದ ಅಂಗಡಿಯವರು ಒಂದು ಕಡೆ. ಅದೇ ಹೆಸರಿಗೆ ‘ತಿರುನೆಲ್ವೇಲಿ’ ಸೇರಿಸಿಕೊಂಡು ವ್ಯಾಪಾರಕ್ಕಿಳಿದವರು ಇನ್ನೊಂದು ಕಡೆ. ‘ನಮಗೂ ನೋಂದಣಿ ಇದೆ, ನಮ್ಮ ಮೇಲೆ ಹೇಗೆ ದಾವೆ?’ ಎಂದು ಎದುರಿನವರು ಕೇಳಿದರು. 2015ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು: ನೋಂದಣಿ ಪಡೆದ ಇಬ್ಬರ ನಡುವೆಯೂ ಪಾಸಿಂಗ್ ಆಫ್ ದಾವೆ ನಡೆಯುತ್ತದೆ, ನೋಂದಣಿಯ ಹಕ್ಕಿಗಿಂತ ಮೊದಲು ಬಳಸಿದವರ ಹಕ್ಕು ಮೇಲು. ಕೋಟಿಗಟ್ಟಲೆ ಜಾಹೀರಾತು ಸುರಿಯುವ ಕಂಪನಿಗಳ ಜಗಳವಲ್ಲ ಅದು, ಎರಡು ಮಿಠಾಯಿ ಅಂಗಡಿಗಳದ್ದು. ಸಣ್ಣ ವ್ಯಾಪಾರಿಗಳು ನನ್ನೆದುರು ಹೆದರಿ ಕೂತಾಗ ನಾನು ಆ ತೀರ್ಪನ್ನೇ ತೆಗೆದು ತೋರಿಸುತ್ತೇನೆ. ದೊಡ್ಡವರಿಗಾಗಿ ಮಾತ್ರ ಬರೆದ ಕಾನೂನಲ್ಲ ಇದು ಎಂದು ಅವರಿಗೆ ತಿಳಿಯಬೇಕು.

ಇಷ್ಟು ಹೇಳಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ: ಹಾಗಾದರೆ ಮೊದಲು ಬಳಸಿದವನಿಗೆ ಆ ಹೆಸರು ಎಲ್ಲ ವ್ಯಾಪಾರದಲ್ಲೂ ಸ್ವಂತವೇ? ಅಲ್ಲ. ಕನ್ನಡಿಗರಿಗೆಲ್ಲ ಗೊತ್ತಿರುವ ಹೆಸರನ್ನೇ ತೆಗೆದುಕೊಳ್ಳಿ. ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ಯನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನ ‘ನಂಧಿನಿ ಡಿಲಕ್ಸ್’ ರೆಸ್ಟೋರೆಂಟ್ ಶುರುವಾದದ್ದು 1989ರಲ್ಲಿ. ಮಹಾಮಂಡಳ ನಾಲ್ಕು ವರ್ಷ ಮುಂದಿತ್ತು, ಹೈಕೋರ್ಟಿನಲ್ಲಿ ಗೆದ್ದೂ ಇತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಒಬ್ಬರದು ಹಾಲು ಮತ್ತು ಹಾಲಿನ ಉತ್ಪನ್ನ, ಇನ್ನೊಬ್ಬರದು ಹೋಟೆಲು. ಹೆಸರು ಪುರಾಣದಿಂದ ಬಂದದ್ದು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ. ಎರಡರ ಲಾಂಛನಗಳೂ ನೋಡಲು ಬೇರೆ ಬೇರೆ. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದದ್ದಕ್ಕೆ ರೆಸ್ಟೋರೆಂಟಿನವರಿಗೆ ನೋಂದಣಿ ಸಿಕ್ಕಿತು. ದೇವರ ಹೆಸರು, ಊರ ಹೆಸರು, ಮಗಳ ಹೆಸರು ಇಟ್ಟುಕೊಂಡು ‘ಇನ್ಯಾರೂ ಇಡಬಾರದು’ ಎನ್ನುವವರು ಈ ತೀರ್ಪನ್ನು ಒಮ್ಮೆ ಓದುವುದು ಒಳ್ಳೆಯದು. ಅಂಥ ಹೆಸರಿಗೂ ರಕ್ಷಣೆ ಸಿಗುತ್ತದೆ, ಆದರೆ ಅದರ ವ್ಯಾಪ್ತಿ ಕಿರಿದು, ಪುರಾವೆಯ ಹೊರೆ ದೊಡ್ಡದು.

ಪುರಾವೆ ಎಂದೆ. ನನಗೆ ನಿಜಕ್ಕೂ ಬೇಸರ ತರಿಸುವ ಜಾಗ ಇದು.

ಕಾನೂನು ಮೊದಲು ಬಳಸಿದವರ ಪರವಾಗಿದೆ. ಮೊದಲು ಬಳಸಿದವರ ಕೈ ಮಾತ್ರ ಖಾಲಿ. ‘ಸಾರ್, ಇಡೀ ಊರಿಗೇ ಗೊತ್ತು’ ಎನ್ನುತ್ತಾರೆ. ಊರಿಗೆ ಗೊತ್ತಿರುವುದು ನ್ಯಾಯಾಧೀಶರ ಮುಂದಿನ ಫೈಲಿನಲ್ಲಿ ಇರಬೇಕಲ್ಲ! ತಂದೆಯ ಕಾಲದ ಬಿಲ್ ಬುಕ್ಕುಗಳನ್ನು ರದ್ದಿಗೆ ಹಾಕಿರುತ್ತಾರೆ. ಅಂಗಡಿ ನವೀಕರಿಸುವಾಗ ಹಳೆಯ ಬೋರ್ಡನ್ನು ಗುಜರಿಗೆ ಕೊಟ್ಟಿರುತ್ತಾರೆ, ಒಂದು ಫೋಟೋ ಕೂಡ ತೆಗೆದಿರುವುದಿಲ್ಲ. ಹಳೆಯ ಬಾಡಿಗೆ ಕರಾರು, ಮೊದಲ ಲೈಸೆನ್ಸು, ಬ್ಯಾಂಕಿನ ಚಾಲ್ತಿ ಖಾತೆ ತೆರೆದ ಕಾಗದ, ಪತ್ರಿಕೆಯಲ್ಲಿ ಕೊಟ್ಟ ಎರಡಿಂಚಿನ ಜಾಹೀರಾತು, ಕರ್ನಾಟಕದಲ್ಲಿ ವ್ಯಾಟ್ ಬಂದ 2005ರ ನೋಂದಣಿ ಪತ್ರ, ಸರಬರಾಜುದಾರರು ಅಂಗಡಿಯ ಹೆಸರಿಗೆ ಬರೆದ ಇನ್‌ವಾಯ್ಸು, ಇವೆಲ್ಲವೂ ಆಸ್ತಿಪತ್ರದಷ್ಟೇ ಬೆಲೆಯುಳ್ಳವು. ಸೈಟಿನ ಕ್ರಯಪತ್ರವನ್ನು ಬ್ಯಾಂಕ್ ಲಾಕರಿನಲ್ಲಿಡುವ ಮನುಷ್ಯ, ಅದೇ ಸೈಟನ್ನು ಕೊಳ್ಳಲು ಹಣ ತಂದುಕೊಟ್ಟ ಹೆಸರಿನ ಕಾಗದಗಳನ್ನು ಕಾಗದದ ವ್ಯಾಪಾರಿಗೆ ತೂಕಕ್ಕೆ ಹಾಕುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಒಂದು ಪ್ರಕರಣದಲ್ಲಿ ನಮ್ಮ ಕಡೆಯವರ ಬಳಿ ಏನೂ ಇರಲಿಲ್ಲ. ಕೊನೆಗೆ ಅವರ ಲೇಬಲ್ ಅಚ್ಚು ಹಾಕುತ್ತಿದ್ದ ಮುದ್ರಣಾಲಯಕ್ಕೆ ಕಳಿಸಿದೆ. ಆ ಪ್ರೆಸ್ಸಿನ ಹಿರಿಯರು ಅಚ್ಚಿನ ಕೆಲಸದಲ್ಲಿ ಎಷ್ಟು ಶ್ರದ್ಧೆಯವರೆಂದರೆ, ಪ್ರತಿ ಆರ್ಡರಿನ ಒಂದು ಮಾದರಿಯನ್ನು ಜಾಬ್ ನಂಬರ್, ತಾರೀಖು ಬರೆದು ಹಾಳೆಗೆ ಅಂಟಿಸಿ ಇಟ್ಟಿದ್ದರು. ನಮ್ಮ ಲೇಬಲಿನ ಮೊದಲ ಮಾದರಿ ಅಲ್ಲಿ ಸಿಕ್ಕಿತು, ಅದರ ಪಕ್ಕದಲ್ಲಿ ಎಷ್ಟು ಸಾವಿರ ಪ್ರತಿ ಎಂಬ ಲೆಕ್ಕವೂ. ಸಾಕ್ಷಿ ಹೇಳಲು ಅವರೇ ಬಂದರು. ಆ ದಿನ ಅವರನ್ನು ಪಾಟೀಸವಾಲಿನಲ್ಲಿ ಅಲ್ಲಾಡಿಸಲು ಯಾರಿಂದಲೂ ಆಗಲಿಲ್ಲ. ಅಂದಿನಿಂದ ಯಾರೇ ಬರಿಗೈಲಿ ಬಂದರೂ, ಬೋರ್ಡ್ ಬರೆದವರು ಯಾರು, ಲೇಬಲ್ ಅಚ್ಚು ಹಾಕಿದವರು ಯಾರು, ಮೊದಲ ಲೆಕ್ಕ ಬರೆದವರು ಯಾರು ಎಂದು ಕೇಳುತ್ತೇನೆ.

ಲೆಕ್ಕ ಎಂದಾಗ ಇನ್ನೊಂದು ಎಚ್ಚರಿಕೆ. ಚಾರ್ಟರ್ಡ್ ಅಕೌಂಟೆಂಟರ ಒಂದು ಪುಟದ ಸರ್ಟಿಫಿಕೇಟಿನಲ್ಲಿ ವರ್ಷವಾರು ವಹಿವಾಟು ಬರೆಸಿಕೊಂಡು ಬಂದು ನಿರಾಳರಾಗುವವರಿದ್ದಾರೆ. ಮಧ್ಯಂತರ ಹಂತದಲ್ಲಿ ಅದಕ್ಕೆ ಸ್ವಲ್ಪ ಬೆಲೆ ಸಿಗಬಹುದು. ಆದರೆ ಪೂರ್ತಿ ವಿಚಾರಣೆಯಲ್ಲಿ ಆ ಅಂಕಿಗಳನ್ನು ಮೂಲ ಪುಸ್ತಕಗಳಿಂದಲೋ, ಬರೆದುಕೊಟ್ಟವರ ಸಾಕ್ಷ್ಯದಿಂದಲೋ ರುಜುವಾತು ಮಾಡದಿದ್ದರೆ ಅದು ಬರಿಯ ಕಾಗದ. ಬೃಹನ್ ಕರನ್ ಶುಗರ್ ಸಿಂಡಿಕೇಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಪಾಸಿಂಗ್ ಆಫ್ ವಾದವನ್ನು ಒಪ್ಪದಿರಲು ಇದೂ ಕಾರಣ. ಫೇಸ್‌ಬುಕ್ ಪುಟದ ಮೊದಲ ಪೋಸ್ಟು, ಗೂಗಲ್ ಮ್ಯಾಪಿನ ಹಳೆಯ ರಿವ್ಯೂಗಳು ಒಳ್ಳೆಯ ಪುರಾವೆಯೇ. ಅವನ್ನು ಹಾಜರುಪಡಿಸುವಾಗ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿರಬೇಕು. ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಕಳಿಸಿ ‘ಹಾಕ್ಬಿಡಿ ಸಾರ್’ ಎಂದರೆ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಅನಾಹುತ ಅರ್ಜಿಯಲ್ಲೇ ಆಗಿರುತ್ತದೆ. ಟಿಎಂ-ಎ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ಈ ಹೆಸರನ್ನು ಯಾವ ದಿನದಿಂದ ಬಳಸುತ್ತಿದ್ದೀರಿ, ಅಥವಾ ಮುಂದೆ ಬಳಸುವ ಉದ್ದೇಶವೇ? ಮೊದಲಿನಿಂದ ಬಳಕೆಯಲ್ಲಿದೆ ಎಂದರೆ ಅಫಿಡವಿಟ್, ದಾಖಲೆ ಎಲ್ಲ ಲಗತ್ತಿಸಬೇಕು. ಆ ಕಷ್ಟ ಬೇಡವೆಂದು, ಕಡಿಮೆ ಹಣಕ್ಕೆ ಆನ್‌ಲೈನಿನಲ್ಲಿ ಅರ್ಜಿ ತುಂಬುವ ಕೆಲವರು ಕಕ್ಷಿದಾರರನ್ನು ಒಂದು ಮಾತು ಕೇಳದೆ ‘ಮುಂದೆ ಬಳಸುವ ಉದ್ದೇಶ’ ಎಂದು ಗುರುತು ಹಾಕಿಬಿಡುತ್ತಾರೆ. ಮೂವತ್ತು ವರ್ಷದ ವ್ಯಾಪಾರ, ಅರ್ಜಿಯಲ್ಲಿ ಮಾತ್ರ ಇನ್ನೂ ಹುಟ್ಟೇ ಇಲ್ಲ! ನಾಳೆ ದಾವೆಯಲ್ಲಿ ಎದುರಿನ ವಕೀಲರು ಮೊದಲು ಎತ್ತಿ ಹಿಡಿಯುವುದು ಆ ಒಂದು ಸಾಲನ್ನು. ಅದರಿಂದಲೇ ಕೇಸು ಸೋತಿತು ಎಂದು ಹೇಳಲಾರೆ, ಉಳಿದ ದಾಖಲೆ ಗಟ್ಟಿಯಿದ್ದರೆ ವಿವರಣೆ ಕೊಡಬಹುದು. ಆದರೆ ನಿಮ್ಮದೇ ಸಹಿಯಿರುವ ಹೇಳಿಕೆಗೆ ನೀವೇ ಸಮಜಾಯಿಷಿ ಕೊಡುತ್ತಾ ನಿಲ್ಲುವುದು ಒಳ್ಳೆಯ ಆರಂಭವಲ್ಲ. ಸಹಿ ಹಾಕುವ ಮುನ್ನ ಆ ಕಾಲಮ್ಮನ್ನು ನಿಮ್ಮ ಕಣ್ಣಿಂದಲೇ ನೋಡಿ.

ಹಾಗೆಂದು ನೋಂದಣಿ ಬೇಡ ಎಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಮಾಡಿಸಿ, ಇಂದೇ ಮಾಡಿಸಿ. ನೋಂದಣಿ ಇದ್ದರೆ ಹಕ್ಕು ನಿಮ್ಮದೆಂದು ಕೋರ್ಟು ಮೊದಲಿಗೆ ಭಾವಿಸುತ್ತದೆ, ದೇಶದ ಉದ್ದಗಲಕ್ಕೂ ಅದು ಅನ್ವಯಿಸುತ್ತದೆ, ಖ್ಯಾತಿಯನ್ನು ಬೇರೆಯಾಗಿ ಸಾಬೀತು ಮಾಡುವ ಗೋಜಿಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬಹುದು. ಅದು ಬಲವಾದ ಹಕ್ಕು. ನಿಮಗಿಂತ ಮೊದಲು ಬಂದವರೆದುರು ಮಾತ್ರ ಅದರ ಬಲ ನಡೆಯುವುದಿಲ್ಲ.

ಮೊದಲಿದ್ದವರೂ ಸುಮ್ಮನೆ ಕೂರುವಂತಿಲ್ಲ. ಯಾರಾದರೂ ಇಂಥದ್ದೇ ಹೆಸರಿಗೆ ಅರ್ಜಿ ಹಾಕಿದರೆ ಅದು ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ನಾಲ್ಕು ತಿಂಗಳು ಸಮಯ. ಅದು ತಪ್ಪಿದರೆ ರದ್ದತಿಗೆ ರಿಜಿಸ್ಟ್ರಾರರ ಮುಂದೆಯೋ ಹೈಕೋರ್ಟಿನಲ್ಲೋ ಅರ್ಜಿ ಹಾಕಬೇಕು. ಗೊತ್ತಿದ್ದೂ ಐದು ವರ್ಷ ನಿರಂತರವಾಗಿ ಎದುರಿನವರ ನೋಂದಾಯಿತ ಹೆಸರಿನ ಬಳಕೆಯನ್ನು ಸಹಿಸಿಕೊಂಡಿದ್ದರೆ, ನೀವು ಮೊದಲಿದ್ದೀರಿ ಎಂಬ ಕಾರಣಕ್ಕೆ ಅದನ್ನು ತಡೆಯುವ ಹಕ್ಕನ್ನು 33ನೇ ಸೆಕ್ಷನ್ ಕಿತ್ತುಕೊಳ್ಳುತ್ತದೆ. ಅವರು ದುರುದ್ದೇಶದಿಂದ ನೋಂದಣಿ ಪಡೆದಿದ್ದರೆ ಮಾತು ಬೇರೆ. ‘ಪರಿಚಯದವರೇ, ನಮ್ಮ ಅಂಗಡಿಯಲ್ಲೇ ಕೆಲಸ ಕಲಿತ ಹುಡುಗ’ ಎಂದು ದಾಕ್ಷಿಣ್ಯಕ್ಕೆ ಬಿದ್ದವರನ್ನು ತುಂಬ ನೋಡಿದ್ದೇನೆ. ಆ ದಾಕ್ಷಿಣ್ಯ ನನಗೆ ಇಷ್ಟವೇ. ಆದರೆ ದಾಕ್ಷಿಣ್ಯವನ್ನು ಬರಹದಲ್ಲಿ ತೋರಿಸಿ: ಇಂಥ ಹೆಸರು ನಮ್ಮದು, ಇಷ್ಟು ಷರತ್ತಿಗೆ ಒಳಪಟ್ಟು ಬಳಸಲು ಒಪ್ಪಿದ್ದೇವೆ ಎಂದು ಎರಡು ಪುಟದ ಪರವಾನಗಿ ಕರಾರು ಮಾಡಿಕೊಳ್ಳಿ. ಹುಡುಗನೂ ಉಳಿಯುತ್ತಾನೆ, ಹೆಸರೂ ಉಳಿಯುತ್ತದೆ.

ಇನ್ನು ನೋಟಿಸ್ ಬಂದವರ ವಿಷಯ. ಹಿರಿಯ ವ್ಯಾಪಾರಿಯೊಬ್ಬರು ನೋಟಿಸ್ ಕೈಗೆ ಬಂದ ವಾರದಲ್ಲೇ ತಾವಾಗಿ ಬೋರ್ಡ್ ಇಳಿಸಿ, ಹೊಸ ಹೆಸರು ಬರೆಸಿ, ಎಲ್ಲ ಮುಗಿದ ಮೇಲೆ ‘ಇದು ಸರಿಯಾ?’ ಎಂದು ಕೇಳಲು ಬಂದಿದ್ದರು. ಅವರು ಎದುರಿನವರಿಗಿಂತ ಎಷ್ಟೋ ವರ್ಷ ಮೊದಲು ಆ ಹೆಸರಿನಲ್ಲಿದ್ದವರು. ಮೊದಲ ಲೈಸೆನ್ಸಿನಿಂದ ಹಿಡಿದು ಎಲ್ಲ ಕಾಗದವನ್ನೂ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದ ಅಪರೂಪದ ಮನುಷ್ಯ. 34ನೇ ಸೆಕ್ಷನ್ ಕೇಳುವುದು ಎಡೆಬಿಡದ ಬಳಕೆಯನ್ನು, ಅವರು ಆ ಬಳಕೆಯನ್ನು ತಾವೇ ಮುರಿದುಕೊಂಡಿದ್ದರು. ಅಂದೇ ಹಳೆಯ ಬೋರ್ಡ್ ಮತ್ತೆ ಹಾಕಿಸಿ, ನಡುವೆ ಬಿಲ್ ಪುಸ್ತಕದಲ್ಲಿ ಹಳೆಯ ಹೆಸರೇ ಮುಂದುವರಿದಿತ್ತು ಎಂಬುದನ್ನು ಹಿಡಿದುಕೊಂಡು ಉತ್ತರ ಬರೆದೆವು. ನಡುವೆ ಅಂತರ ಕೆಲವೇ ದಿನಗಳದ್ದಾದ್ದರಿಂದ ಸರಿಹೋಯಿತು. ತಿಂಗಳುಗಟ್ಟಲೆ ಆಗಿದ್ದರೆ ನಾನು ಅಷ್ಟು ಭರವಸೆಯಿಂದ ಮಾತಾಡುತ್ತಿರಲಿಲ್ಲ.

ಆದ್ದರಿಂದ ನೋಟಿಸ್ ಬಂದರೆ ಬೋರ್ಡಿಗೆ ಕೈ ಹಚ್ಚಬೇಡಿ, ಎದುರಿನವರಿಗೆ ಫೋನ್ ಮಾಡಿ ‘ತಪ್ಪಾಯ್ತು’ ಎನ್ನಬೇಡಿ, ಗಿರಾಕಿಗಳ ವಾಟ್ಸಾಪ್ ಗುಂಪಿನಲ್ಲಿ ಬೈಯಲೂ ಬೇಡಿ. ಲಕೋಟೆಯ ಸಮೇತ ನೋಟಿಸನ್ನು ತನ್ನಿ, ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ. ಜೊತೆಗೆ ಮನೆಯ ಅಟ್ಟ, ಅಂಗಡಿಯ ಕಪಾಟು, ಹಳೆಯ ಅಕೌಂಟೆಂಟರ ಕಚೇರಿ ಎಲ್ಲ ಹುಡುಕಿ, ನಿಮ್ಮ ಹೆಸರು ಮುದ್ರಿತವಾಗಿರುವ ಅತ್ಯಂತ ಹಳೆಯ, ತಾರೀಖಿರುವ ಒಂದು ಕಾಗದವನ್ನು ಹಿಡಿದು ಬನ್ನಿ. ನೋಟಿಸಿಗೆ ಏನು ಉತ್ತರ ಬರೆಯಬೇಕೆಂಬುದು ಆ ತಾರೀಖಿನ ಮೇಲೆ ನಿಂತಿದೆ.