ಪದ ಪರಿಚಯ: ಮನೆವಾರು ಆದಾಯದ ಮಧ್ಯಾಂಕ

ಒಂದು ಪ್ರದೇಶದ ಮನೆಗಳನ್ನು ವರ್ಷದ ಆದಾಯದ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಆದಾಯವೇ ಮಧ್ಯಾಂಕ, ಅಂದರೆ ಮೀಡಿಯನ್. ಐದು ಮನೆಗಳ ಆದಾಯ 18, 31, 42, 55 ಮತ್ತು 900 ಸಾವಿರ ಡಾಲರ್ ಎಂದುಕೊಳ್ಳಿ. ಸರಾಸರಿ 2,09,200 ಆಗುತ್ತದೆ. ಅದರ ಆಸುಪಾಸಿನಲ್ಲಿ ಗಳಿಸುವ ಮನೆ ಅಲ್ಲಿ ಒಂದೂ ಇಲ್ಲ. ಮಧ್ಯಾಂಕ 42,000. ನಮ್ಮಲ್ಲಿ ಜಿಲ್ಲಾವಾರು ಕೇಳಿಬರುವ ತಲಾ ಆದಾಯ ಸರಾಸರಿಯ ಜಾತಿಯದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ಅಮೆರಿಕದ ಜನಗಣತಿ ಬ್ಯೂರೋದ ಲೆಕ್ಕದಲ್ಲಿ ‘ಮನೆ’ ಎಂದರೆ ಒಂದು ಸೂರಿನಡಿ ಇರುವವರೆಲ್ಲ; ನೆಂಟರೇ ಆಗಬೇಕಿಲ್ಲ, ಒಂಟಿ ಮುದುಕಿಯದೂ ಒಂದು ಮನೆಯೇ. ‘ಕುಟುಂಬ’ಕ್ಕೆ ಕನಿಷ್ಠ ಇಬ್ಬರು ಸಂಬಂಧಿಕರು ಬೇಕು. ಆದ್ದರಿಂದ ಕುಟುಂಬಗಳ ಮಧ್ಯಾಂಕ ಸಾಮಾನ್ಯವಾಗಿ ಮೇಲಿರುತ್ತದೆ. ಒಂದು ವರ್ಷ ಇದನ್ನು, ಇನ್ನೊಂದು ವರ್ಷ ಅದನ್ನು ತೆಗೆದುಕೊಂಡರೆ ಇಲ್ಲದ ಏರಿಕೆ ಕಾಣಿಸುತ್ತದೆ. ಜೈಲು, ಹಾಸ್ಟೆಲ್‌ಗಳಲ್ಲಿರುವವರು ಲೆಕ್ಕಕ್ಕಿಲ್ಲ. ಸಂಬಳ, ಬಾಡಿಗೆ, ಬಡ್ಡಿ, ಪಿಂಚಣಿ ಸೇರುತ್ತವೆ. ಆಹಾರ ನೆರವಿನ ಮೌಲ್ಯ, ಜಮೀನು ಮಾರಿದ ಲಾಭ ಸೇರುವುದಿಲ್ಲ. ಆದರೆ ಬೇಸಾಯದ ನಷ್ಟವನ್ನು ಕಳೆಯುತ್ತಾರೆ. ರೈತರೇ ತುಂಬಿರುವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬೆಳೆ ಕೈಕೊಟ್ಟ ವರ್ಷ ಅಂಕಿ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ‘ಫ್ರೆಡ್’ ತಾಣದಲ್ಲಿ ಕೌಂಟಿವಾರು ಗೆರೆಚಿತ್ರ ಸಿಗುತ್ತದೆ. ಅದರ ಹೆಸರಿನಲ್ಲೇ ‘ಅಂದಾಜು’ ಎಂಬ ಮಾತಿದೆ, ಓದುವವರು ದಾಟಿಹೋಗುವ ಮಾತೂ ಅದೇ. ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೆ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿಕೊಳ್ಳುತ್ತದೆ. ಇಡೀ ದೇಶಕ್ಕೆ ಅದು ಧಾರಾಳ. ಸಣ್ಣ ಕೌಂಟಿಯ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಂತೂ 2020ರ ಗಣತಿಯಲ್ಲಿ ಇದ್ದವರೇ 64 ಜನ. ಹೀಗಾಗಿ ಸರ್ವೆಯ ಒಂದು ವರ್ಷದ ಅಂಕಿ 65,000 ಜನಸಂಖ್ಯೆ ದಾಟಿದ ಕಡೆಗಷ್ಟೇ ಪ್ರಕಟವಾಗುತ್ತದೆ. ಉಳಿದವಕ್ಕೆ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿದ ಅಂಕಿಯೇ ಗತಿ.

ವರ್ಷವರ್ಷದ ಅಂಕಿ ಬೇಕೆಂದರೆ ಬ್ಯೂರೋದ ‘ಸೇಪ್’ (ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು) ಯೋಜನೆ ಇದೆ; ಫ್ರೆಡ್‌ನ ಗೆರೆ ಬರುವುದು ಇಲ್ಲಿಂದ. ತೆರಿಗೆ ವಿವರಗಳು, ವೈಯಕ್ತಿಕ ಆದಾಯದ ಸರ್ಕಾರಿ ಲೆಕ್ಕ, ಹಿಂದಿನ ಗಣತಿ ಇವುಗಳಿಂದ ಒಂದು ಲೆಕ್ಕದ ಮಾದರಿ (ಮಾಡೆಲ್) ಕಟ್ಟಿ, ಸರ್ವೆಯಲ್ಲಿ ಸಿಕ್ಕ ಅಂಕಿಯೊಂದಿಗೆ ಬೆರೆಸುತ್ತಾರೆ. ಸರ್ವೆಯ ಉತ್ತರಗಳು ಕಡಿಮೆಯಿದ್ದಷ್ಟೂ ಮಾದರಿಯ ತೂಕ ಹೆಚ್ಚು. ಅಂದರೆ ಹಳ್ಳಿಗಾಡಿನ ಕೌಂಟಿಯ ಅಂಕಿಯಲ್ಲಿ ಬಹುಪಾಲು ಎರವಲು. 2005ರಿಂದ ಸೇಪ್ ತನ್ನ ಮೂಲ ಸರ್ವೆಯನ್ನೇ ಬದಲಿಸಿತು, ಹಾಗಾಗಿ 2004 ಮತ್ತು 2005ರ ನಡುವಿನ ಜಿಗಿತಕ್ಕೆ ಊರಿನ ಕಥೆ ಹುಡುಕಬೇಡಿ.

ಕಾಲಕಾಲಕ್ಕೆ ಹೋಲಿಸುವಾಗ ಮೊದಲು ಹಣದುಬ್ಬರ ತೆಗೆಯಬೇಕು. ಸೇಪ್‌ನ ಅಂಕಿ ಆಯಾ ವರ್ಷದ ಡಾಲರಿನಲ್ಲೇ ಇರುತ್ತದೆ. ಐದು ವರ್ಷದ ಅಂಕಿಯನ್ನು ಆ ಅವಧಿಯ ಕೊನೆಯ ವರ್ಷದ ಬೆಲೆಗೆ ತಂದಿರುತ್ತಾರೆ. ಅವಧಿಗಳು ಒಂದರ ಮೇಲೊಂದು ಬೀಳಲೂಬಾರದು: 2013–17ಕ್ಕೂ 2014–18ಕ್ಕೂ ನಾಲ್ಕು ವರ್ಷದ ಉತ್ತರಗಳು ಸಮಾನ.

ಒಂದು ಕೌಂಟಿಯ ಕಲ್ಪಿತ ಲೆಕ್ಕ ನೋಡಿ. 2010–14ರಲ್ಲಿ ಮಧ್ಯಾಂಕ 41,000 ಡಾಲರ್, ಅದರ ಅಂಚು (ಸರ್ವೆಯ ಅಂಕಿ ಆಚೀಚೆ ಆಗಬಹುದಾದ ಮಿತಿ) 3,200. 2015–19ರಲ್ಲಿ 44,500, ಅಂಚು 3,600. ಮೇಲ್ನೋಟಕ್ಕೆ 3,500 ಡಾಲರ್ ಏರಿಕೆ. ಗ್ರಾಹಕ ಬೆಲೆ ಸೂಚ್ಯಂಕ 2014ರಲ್ಲಿ 236.7, 2019ರಲ್ಲಿ 255.7, ಅನುಪಾತ 1.08. ಹಳೆಯ ಅಂಕಿ 44,280 ಆಯಿತು, ಅದರ ಅಂಚು 3,456. ಉಳಿದ ವ್ಯತ್ಯಾಸ 220 ಡಾಲರ್. ಎರಡು ಅಂಚುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 4,990. ವ್ಯತ್ಯಾಸ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಬ್ಯೂರೋದ ಶೇ 90ರ ವಿಶ್ವಾಸ ಮಟ್ಟದಲ್ಲಿ ಬದಲಾವಣೆ ಎನ್ನಬಹುದು. ಇಲ್ಲಿ ಏರಿಕೆ ಎನ್ನಲೂ ಆಗದು, ಇಳಿಕೆ ಎನ್ನಲೂ ಆಗದು.

ಅಂಚು ತೀರಾ ಅಗಲವಾದರೆ ಅಕ್ಕಪಕ್ಕದ ಕೌಂಟಿಗಳನ್ನು ಸೇರಿಸಿ ನೋಡುವ ರೂಢಿಯಿದೆ. ಆಗ ಮಧ್ಯಾಂಕಗಳ ಸರಾಸರಿ ತೆಗೆಯುವುದೇ ಎಲ್ಲರೂ ಮಾಡುವ ತಪ್ಪು. ಕೂಡಿಸಬೇಕಾದದ್ದು ಪ್ರತಿ ಆದಾಯ ವರ್ಗದ ಮನೆಗಳ ಸಂಖ್ಯೆಯನ್ನು. ಒಟ್ಟು 4,000 ಮನೆಗಳಿದ್ದರೆ ನಡು ಗೆರೆ 2,000ಕ್ಕೆ. 40,000 ಡಾಲರಿನ ಕೆಳಗೆ 1,760 ಮನೆ, 40,000–45,000ದ ವರ್ಗದಲ್ಲಿ 400 ಮನೆ ಇವೆ ಅನ್ನಿ. ಇನ್ನೂ 240 ಮನೆ ದಾಟಬೇಕು. 240 ಭಾಗ 400 ಎಂದರೆ 0.6. ವರ್ಗದ ಅಗಲ 5,000ದಿಂದ ಗುಣಿಸಿದರೆ 3,000. ಒಟ್ಟು ಪ್ರದೇಶದ ಮಧ್ಯಾಂಕ ಸುಮಾರು 43,000 ಡಾಲರ್.