ನಿರ್ಲಕ್ಷ್ಯದ ಕಾನೂನಿನಲ್ಲಿ ‘ಮುಂಗಾಣುವಿಕೆ’: ಒಂದು ಪದ, ಮೂರು ಪ್ರಶ್ನೆಗಳು

ಅಪಕೃತ್ಯ ಕಾನೂನಿನಲ್ಲಿ (ಕರಾರಿನ ಹೊರಗೆ ಒಬ್ಬರು ಮತ್ತೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು, ಅಂದರೆ ಟಾರ್ಟ್) ನಿರ್ಲಕ್ಷ್ಯವನ್ನು ಸ್ಥಾಪಿಸಬೇಕಾದರೆ ಪ್ರತಿವಾದಿಗೆ ವಾದಿಯ ವಿಷಯದಲ್ಲಿ ಎಚ್ಚರಿಕೆ ವಹಿಸುವ ಕರ್ತವ್ಯವಿತ್ತು, ಅದು ಭಂಗವಾಯಿತು ಮತ್ತು ಆ ಭಂಗದಿಂದಲೇ ಹಾನಿಯಾಯಿತು ಎಂಬುದನ್ನು ವಾದಿ ತೋರಿಸಬೇಕು. ಇಷ್ಟನ್ನು ಕಾನೂನು ವಿದ್ಯಾರ್ಥಿಗಳೆಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಉತ್ತರ ಕೆಡುವುದು ‘ಮುಂಗಾಣಬಹುದಾದ’ ಎಂಬ ಪದದ ಬಳಕೆಯಲ್ಲಿ. ಏಕೆಂದರೆ ಮೂರೂ ಹಂತಗಳಲ್ಲಿ ಬರುವ ಈ ಪದ ಪ್ರತಿ ಹಂತದಲ್ಲಿಯೂ ಬೇರೆಯೇ ಪ್ರಶ್ನೆಯನ್ನು ಮುಂದಿಡುತ್ತದೆ.

ಕರ್ತವ್ಯದ ಹಂತದಲ್ಲಿ ಕೇಳಬೇಕಾದದ್ದು, ಯಾರಿಗೆ ಹಾನಿಯಾಗಬಹುದೆಂದು ಮುಂಗಾಣಬಹುದಿತ್ತು ಎಂದು. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ಕೆಫೆಯೊಂದರಲ್ಲಿ ಡೊನೊಹ್ಯೂ ಎಂಬ ಮಹಿಳೆ ಕುಡಿದ ಜಿಂಜರ್ ಬಿಯರ್‌ನ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ಆರೋಪ. ಬಾಟಲಿ ಅಪಾರದರ್ಶಕವಾದ್ದರಿಂದ ಒಳಗಿನದು ಕಾಣುವಂತಿರಲಿಲ್ಲ. ಹಣ ಕೊಟ್ಟವರು ಸ್ನೇಹಿತರಾದ್ದರಿಂದ ಕರಾರಿನ ಆಧಾರದಲ್ಲಿ ದಾವೆ ಹೂಡುವ ದಾರಿಯೂ ಆಕೆಗಿರಲಿಲ್ಲ. 1932ರಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, 3–2ರ ಬಹುಮತದಿಂದ, ಇಂಥ ವಸ್ತುವಿನ ತಯಾರಕನಿಗೆ ಅಂತಿಮ ಬಳಕೆದಾರರ ಬಗ್ಗೆ ಕರ್ತವ್ಯವಿದೆ ಎಂದಿತು. ಬಹುಮತದ ನ್ಯಾಯಾಧೀಶರಲ್ಲೊಬ್ಬರಾದ ಲಾರ್ಡ್ ಆಟ್ಕಿನ್ ಹೇಳಿದ ‘ನೆರೆಯವರು’ ಪಕ್ಕದ ಮನೆಯವರಲ್ಲ. ನಮ್ಮ ಕೃತ್ಯದಿಂದ ನಿಕಟವಾಗಿಯೂ ನೇರವಾಗಿಯೂ ಬಾಧಿತರಾಗುವ ಕಾರಣ, ಆ ಕೃತ್ಯಕ್ಕೆ ಕೈಹಾಕುವ ಮೊದಲು ನಾವು ನೆನೆಯಬೇಕಾದವರು. ಬಸವನಹುಳು ನಿಜವಾಗಿ ಇತ್ತೇ ಎಂಬುದು ಸಾಕ್ಷ್ಯ ವಿಚಾರಣೆಯಲ್ಲಿ ತೀರ್ಮಾನವಾಗಲೇ ಇಲ್ಲ. ‘ಸಾಬೀತಾಯಿತು’ ಎಂದು ದಯವಿಟ್ಟು ಬರೆಯಬೇಡಿ.

ಕರ್ತವ್ಯ ಭಂಗಕ್ಕೆ ಬಂದಾಗ ಪ್ರಶ್ನೆ ಸಂಭವನೀಯತೆಯದು. 1951ರ ಬೋಲ್ಟನ್ ವಿರುದ್ಧ ಸ್ಟೋನ್ ಪ್ರಕರಣದಲ್ಲಿ ಕ್ರಿಕೆಟ್ ಮೈದಾನದಿಂದ ಹಾರಿಬಂದ ಚೆಂಡು ರಸ್ತೆಯಲ್ಲಿದ್ದ ಮಹಿಳೆಗೆ ಬಡಿಯಿತು. ಚೆಂಡು ಹಿಂದೆಯೂ ಹೊರಬಿದ್ದಿತ್ತು, ಆದ್ದರಿಂದ ಅಪಾಯವನ್ನು ಮುಂಗಾಣಬಹುದಿತ್ತು. ಆದರೂ ಅದು ವಿವೇಕಿಯೊಬ್ಬನು ಲೆಕ್ಕಕ್ಕಿಡದಿರಬಹುದಾದಷ್ಟು ಅಲ್ಪವಾಗಿದ್ದುದರಿಂದ ಭಂಗವಾಗಿಲ್ಲವೆಂದು ತೀರ್ಪಾಯಿತು. ನನ್ನ ಅಭಿಪ್ರಾಯದಲ್ಲಿ, ‘ಮುಂಗಾಣಬಹುದಿತ್ತು, ಆದ್ದರಿಂದ ನಿರ್ಲಕ್ಷ್ಯ’ ಎಂಬ ಅವಸರದ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹಾನಿಯ ದೂರತ್ವದ, ಅಂದರೆ ಆದ ಹಾನಿ ಪರಿಹಾರ ಕೊಡಲಾಗದಷ್ಟು ದೂರದ್ದೇ ಎಂದು ನೋಡುವ, ಹಂತದಲ್ಲಿ ನೋಡುವುದು ಹಾನಿಯ ಬಗೆಯನ್ನು. ಸಿಡ್ನಿ ಬಂದರಿನಲ್ಲಿ ಹಡಗಿನಿಂದ ಸೋರಿದ ಎಣ್ಣೆ ಹಡಗುಕಟ್ಟೆಯನ್ನು ಕೊಳಕಾಗಿಸುವುದು ಮುಂಗಾಣಬಹುದಾಗಿತ್ತು, ನೀರಿನ ಮೇಲೆ ಅದು ಹೊತ್ತಿಕೊಳ್ಳುವುದು ಆಗಿರಲಿಲ್ಲ. ಹೀಗಾಗಿ 1961ರ ವ್ಯಾಗನ್ ಮೌಂಡ್ (ಅದು ಆ ಹಡಗಿನ ಹೆಸರು) ತೀರ್ಪಿನಲ್ಲಿ, ಆಗ ಆಸ್ಟ್ರೇಲಿಯಾದಿಂದ ಬರುವ ಮೇಲ್ಮನವಿಗಳನ್ನು ಲಂಡನ್ನಿನಲ್ಲಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಬೆಂಕಿಯ ನಷ್ಟಕ್ಕೆ ಪರಿಹಾರ ಒಪ್ಪಲಿಲ್ಲ.

ಇದಕ್ಕೂ ಮೊದಲು ವಾಸ್ತವಿಕ ಕಾರಣದ ಪರೀಕ್ಷೆ ಇದೆ: ಭಂಗವಾಗದಿದ್ದರೂ ಆ ಹಾನಿ ಆಗಿಯೇ ತೀರುತ್ತಿತ್ತೇ ಎಂಬುದು. ಅಲ್ಲಿ ಮುಂಗಾಣುವಿಕೆಗೆ ಸ್ಥಾನವಿಲ್ಲ. 1969ರಲ್ಲಿ ವರದಿಯಾದ ಬಾರ್ನೆಟ್ ಪ್ರಕರಣದಲ್ಲಿ ಕರ್ತವ್ಯವೂ ಭಂಗವೂ ಇದ್ದವು. ಆದರೆ ವೈದ್ಯರು ಪರೀಕ್ಷಿಸಿದ್ದರೂ ಆರ್ಸೆನಿಕ್ ವಿಷವೇರಿದ್ದ ಕಾವಲುಗಾರ ಬದುಕುವ ಸಂಭವವಿರಲಿಲ್ಲವಾದ್ದರಿಂದ ದಾವೆ ವಜಾ ಆಯಿತು.