ಮೆಮೊರಿ ಇದ್ದಷ್ಟು ಕಾಲು ಚಾಚುವ ವೆಬ್ ಸರ್ವರ್

ಜಾಲತಾಣವೊಂದಕ್ಕೆ ಏಕಾಏಕಿ ಭೇಟಿಗಾರರು ಹೆಚ್ಚಿ ಪುಟಗಳು ತೆರೆದುಕೊಳ್ಳದೆ ಹೋದಾಗ, ವೆಬ್ ಸರ್ವರ್ ಏಕಕಾಲಕ್ಕೆ ನಡೆಸಬಹುದಾದ ಪ್ರೋಸೆಸ್‌ಗಳ (ಅಂದರೆ ಚಾಲನೆಯಲ್ಲಿರುವ ಪ್ರೋಗ್ರಾಮಿನ ಪ್ರತಿಗಳ) ಗರಿಷ್ಠ ಮಿತಿಯನ್ನು ಏರಿಸಿಬಿಡುವುದು ಅನೇಕರಿಗೆ ಥಟ್ಟನೆ ಹೊಳೆಯುವ ಉಪಾಯ. ಆದರೆ ಕೊರತೆ ಇರುವುದು ಮೆಮೊರಿಯಲ್ಲಾದರೆ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ: ಮಿತಿಯನ್ನು ಇಳಿಸಬೇಕು.

ಅಪಾಚೆ ಸರ್ವರಿನ ಹಳೆಯ ಪ್ರಿಫೋರ್ಕ್ ವಿಧಾನದಲ್ಲಿ ಒಂದು ಪ್ರೋಸೆಸ್ ಒಂದು ಹೊತ್ತಿಗೆ ಒಂದೇ ಸಂಪರ್ಕವನ್ನು ನೋಡಿಕೊಳ್ಳುತ್ತದೆ. ಗರಿಷ್ಠ ಎಷ್ಟು ಪ್ರೋಸೆಸ್‌ಗಳು ಇರಬಹುದೆಂಬುದನ್ನು ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಎಂಬ ಸೆಟ್ಟಿಂಗ್ ಸೂಚನೆ ನಿರ್ಧರಿಸುತ್ತದೆ. ನಾವು ಏನನ್ನೂ ಬರೆಯದಿದ್ದರೆ ಅದರ ಬೆಲೆ 256. ಈ ಸಂಖ್ಯೆಗೂ ನಮ್ಮ ಯಂತ್ರದ ಮೆಮೊರಿಗೂ ಯಾವ ಸಂಬಂಧವೂ ಇಲ್ಲ. ಜಾಲಪುಟಗಳನ್ನು ರೂಪಿಸುವ ಪಿಎಚ್‌ಪಿ ಭಾಷೆಯನ್ನು ಒಳಗಿಟ್ಟುಕೊಂಡ ಒಂದೊಂದು ಪ್ರೋಸೆಸ್ 50 ಎಂಬಿ ಹಿಡಿಯುತ್ತದೆಂದುಕೊಂಡರೆ, 256 ಪ್ರೋಸೆಸ್‌ಗಳಿಗೆ 12,800 ಎಂಬಿ ಬೇಕು. ಯಂತ್ರದಲ್ಲಿ ಇರುವುದು 4 ಜಿಬಿ ಮಾತ್ರವಾದರೆ, ಜನ ಕಡಿಮೆ ಇರುವಷ್ಟು ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಜನ ಹೆಚ್ಚಿದ ದಿನ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್, ಮೆಮೊರಿಯ ‘ಪುಟ’ಗಳೆಂಬ ಸಣ್ಣ ತುಂಡುಗಳನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸತೊಡಗುತ್ತದೆ. ರ‍್ಯಾಮ್‌ನಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಹಲವು ಮಿಲಿಸೆಕೆಂಡ್ ಬೇಕು, ಎಸ್‌ಎಸ್‌ಡಿ ಕೂಡ ರ‍್ಯಾಮಿಗಿಂತ ನೂರಾರು ಪಟ್ಟು ನಿಧಾನ. ಹೀಗೆ ಪ್ರತಿಯೊಂದು ಕೋರಿಕೆಯೂ ನಿಧಾನವಾದಂತೆ ಪ್ರೋಸೆಸ್‌ಗಳು ಬೇಗ ಬಿಡುವಾಗುವುದಿಲ್ಲ. ಬಿಡುವಿಲ್ಲದ್ದರಿಂದ ಸರ್ವರ್ ಹೊಸ ಪ್ರೋಸೆಸ್‌ಗಳನ್ನು ಹುಟ್ಟಿಸುತ್ತದೆ. ಅವು ಉಳಿದ ಮೆಮೊರಿಯನ್ನೂ ನುಂಗುತ್ತವೆ. ಕೆಲಸಕ್ಕಿಂತ ಪುಟಗಳನ್ನು ಸಾಗಿಸುವುದರಲ್ಲೇ ಯಂತ್ರದ ಸಮಯ ಕಳೆದುಹೋಗುವ ಈ ಸ್ಥಿತಿಯನ್ನು ಥ್ರ್ಯಾಶಿಂಗ್ ಎನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ ಅದರ ಕಾರಣಗಳನ್ನು 1968ರಲ್ಲೇ ವಿವರಿಸಿದ್ದರು. ಸ್ವಾಪ್ ಕೂಡ ಮುಗಿದರೆ ಲಿನಕ್ಸ್‌ನ ಓಓಎಂ ಕಿಲ್ಲರ್ ಹೆಚ್ಚು ಮೆಮೊರಿ ಹಿಡಿದ ಪ್ರೋಸೆಸನ್ನು ಹುಡುಕಿ ಕೊಲ್ಲುತ್ತದೆ. ಹಲವು ಬಾರಿ ಅದು ತಪ್ಪಿತಸ್ಥ ವೆಬ್ ಸರ್ವರ್ ಆಗಿರದೆ, ಪಕ್ಕದಲ್ಲಿ ತನ್ನ ಪಾಡಿಗೆ ತಾನಿದ್ದ ಡೇಟಾಬೇಸ್ ಆಗಿರುತ್ತದೆ.

ಇದನ್ನು ತಪ್ಪಿಸುವ ಲೆಕ್ಕ ಮೇಲ್ನೋಟಕ್ಕೆ ಒಂದು ಭಾಗಾಕಾರವಷ್ಟೇ. ಒಟ್ಟು 4,096 ಎಂಬಿಯಲ್ಲಿ ಡೇಟಾಬೇಸಿಗೆ 1,024, ಕಾರ್ಯಾಚರಣ ವ್ಯವಸ್ಥೆ ಮತ್ತು ಇತರ ಸೇವೆಗಳಿಗೆ 500, ಕಡತಗಳನ್ನು ಕೈಗೆಟಕುವಂತೆ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಕ್ಯಾಶ್‌ಗೆ ಇನ್ನೊಂದು 500 ಎಂಬಿ ತೆಗೆದಿಟ್ಟರೆ ಉಳಿಯುವುದು ಸುಮಾರು 2,000. ಅದನ್ನು 50ರಿಂದ ಭಾಗಿಸಿದರೆ 40. ತೊಡಕಿರುವುದು ಆ 50 ಎಂಬ ಭಾಜಕದಲ್ಲಿ. ಪ್ರೋಸೆಸ್ ಒಂದೊಂದೂ ಹಿಡಿದಿರುವ ಮೆಮೊರಿ ಎಂದು ಪಿಎಸ್ ಆಜ್ಞೆ ತೋರಿಸುವ ಆರ್‌ಎಸ್‌ಎಸ್ ಅಂಕಣವನ್ನು ನೇರವಾಗಿ ಕೂಡಿದರೆ, ಯಂತ್ರದಲ್ಲಿ ಇರುವುದಕ್ಕಿಂತ ಹೆಚ್ಚು ಮೆಮೊರಿ ಬಳಕೆಯಾಗಿರುವಂತೆ ಕಾಣುವುದುಂಟು. ಏಕೆಂದರೆ ತಾಯಿ ಪ್ರೋಸೆಸ್‌ನಿಂದ ಹುಟ್ಟಿದ ಮರಿ ಪ್ರೋಸೆಸ್‌ಗಳು, ಯಾರಾದರೂ ಬದಲಾಯಿಸುವವರೆಗೆ, ಅದೇ ಪುಟಗಳನ್ನು ಹಂಚಿಕೊಂಡಿರುತ್ತವೆ. ಆರ್‌ಎಸ್‌ಎಸ್ ಅವನ್ನು ಪ್ರತಿಯೊಂದರ ಖಾತೆಗೂ ಪೂರ್ತಿಯಾಗಿ ಬರೆಯುತ್ತದೆ. ಹಂಚಿಕೊಂಡ ಪುಟವನ್ನು ಹಂಚಿಕೊಂಡವರ ಸಂಖ್ಯೆಯಿಂದ ಭಾಗಿಸುವ ಪಿಎಸ್‌ಎಸ್ ಎಂಬ ಅಳತೆ ನಿಜಕ್ಕೆ ಹತ್ತಿರ. ಲಿನಕ್ಸ್ 4.14ರಿಂದ ಇದರ ಮೊತ್ತ ಪ್ರತಿ ಪ್ರೋಸೆಸಿನ ಸ್ಮ್ಯಾಪ್ಸ್‌_ರೋಲಪ್ ಕಡತದಲ್ಲಿ ಸಿದ್ಧವಾಗಿ ಸಿಗುತ್ತದೆ. ಆದರೆ ಅಳೆಯುವುದು ಸರ್ವರನ್ನು ಆಗಷ್ಟೇ ಚಾಲೂ ಮಾಡಿದಾಗ ಅಲ್ಲ, ಅದು ಬೆವರು ಸುರಿಸುತ್ತಿರುವ ಹೊತ್ತಿನಲ್ಲಿ. ಒಂದು ಭಾರಿ ಕೋರಿಕೆಗೆ ಹಿಗ್ಗಿದ ಪ್ರೋಸೆಸ್ ಆ ಮೆಮೊರಿಯನ್ನೆಲ್ಲ ಕರ್ನೆಲ್‌ಗೆ ಮರಳಿಸದೆ ಇಟ್ಟುಕೊಂಡೇ ಇರುವುದುಂಟು. ಕೆಲವು ಸಾವಿರ ಸಂಪರ್ಕಗಳ ನಂತರ ಪ್ರೋಸೆಸನ್ನು ನಿವೃತ್ತಿಗೊಳಿಸುವ ಸೂಚನೆ ಇರುವುದು ಇದಕ್ಕಾಗಿಯೇ.

ನಲವತ್ತೇ ಪ್ರೋಸೆಸ್ ಸಾಕೇ ಎಂಬ ಅಳುಕಿಗೆ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಉತ್ತರ ಕೊಡುತ್ತದೆ: ವ್ಯವಸ್ಥೆಯೊಳಗಿರುವವರ ಸರಾಸರಿ ಸಂಖ್ಯೆ, ಅವರು ಬರುವ ವೇಗ ಮತ್ತು ಒಬ್ಬೊಬ್ಬರು ಒಳಗಿರುವ ಸರಾಸರಿ ಸಮಯದ ಗುಣಲಬ್ಧ. ಒಂದು ಕೋರಿಕೆಗೆ 0.2 ಸೆಕೆಂಡ್ ಹಿಡಿದರೆ 40 ಪ್ರೋಸೆಸ್‌ಗಳು ಸೆಕೆಂಡಿಗೆ 200 ಕೋರಿಕೆಗಳನ್ನು ಪೂರೈಸಬಲ್ಲವು. ಅದೇ ಸ್ವಾಪ್‌ನಲ್ಲಿ ಒದ್ದಾಡುತ್ತ ಪ್ರತಿಯೊಂದಕ್ಕೂ 4 ಸೆಕೆಂಡ್ ತೆಗೆದುಕೊಳ್ಳುವ 256 ಪ್ರೋಸೆಸ್‌ಗಳ ಸಾಧನೆ ಸೆಕೆಂಡಿಗೆ 64. ಮಿತಿ ಮೀರಿ ಬಂದವರನ್ನು ಸರ್ವರ್ ಕೂಡಲೇ ಓಡಿಸುವುದೂ ಇಲ್ಲ. ಅವರು ಕರ್ನೆಲ್‌ನ ಸರದಿಯಲ್ಲಿ, ಬಹಳ ಕಡಿಮೆ ಮೆಮೊರಿ ಬಳಸಿ, ಕೆಲ ಕ್ಷಣ ಕಾಯುತ್ತಾರೆ.

2004ರಲ್ಲಿ ಬಿಡುಗಡೆಯಾದ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್, ಅಪಾಚೆಯ ಈವೆಂಟ್ ವಿಧಾನ ಇವೆಲ್ಲ ಒಂದೇ ಪ್ರೋಸೆಸ್‌ನಲ್ಲಿ ಅನೇಕ ಸಂಪರ್ಕಗಳನ್ನು ನಿಭಾಯಿಸುತ್ತವೆ, ಸುಮ್ಮನೆ ತೆರೆದಿಟ್ಟ ಸಂಪರ್ಕಕ್ಕಾಗಿ ಇಡೀ ಪ್ರೋಸೆಸನ್ನು ಮೀಸಲಿಡುವುದಿಲ್ಲ. ಆದರೆ ಅವುಗಳ ಹಿಂದೆ ಪಿಎಚ್‌ಪಿ ಪ್ರೋಸೆಸ್‌ಗಳನ್ನು ಪ್ರತ್ಯೇಕವಾಗಿ ನಡೆಸುವ ಪಿಎಚ್‌ಪಿ-ಎಫ್‌ಪಿಎಂ ಇದ್ದರೆ ಅಲ್ಲಿನ ಮ್ಯಾಕ್ಸ್_ಚಿಲ್ಡ್ರನ್ ಸಂಖ್ಯೆಗೆ ಇದೇ ಭಾಗಾಕಾರ ಮತ್ತೆ ಅನ್ವಯಿಸುತ್ತದೆ.

ಸಂಖ್ಯೆಯನ್ನು ಬರೆದಿಟ್ಟ ಮೇಲೆ ಎರಡು ಕಡೆ ಕಣ್ಣಿಡಬೇಕು. ಮಿತಿ ಮುಟ್ಟಿತೆಂಬ ಎಚ್ಚರಿಕೆ ಎರರ್ ಲಾಗಿನಲ್ಲಿ ಕಾಣಿಸಿಕೊಂಡು, ಮೆಮೊರಿಯೂ ಸಿಪಿಯುವೂ ಇನ್ನೂ ಬಿಡುವಾಗಿದ್ದರೆ, ಮಿತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು. ವಿಎಂಸ್ಟ್ಯಾಟ್ ಆಜ್ಞೆಯ ಸ್ವಾಪ್ ಅಂಕಣಗಳು ಸತತವಾಗಿ ಸೊನ್ನೆಗಿಂತ ಮೇಲಿದ್ದರೆ, ಲಾಗಿನಲ್ಲಿ ಏನೇ ಇರಲಿ, ಇಳಿಸಬೇಕು.